ಬೆಡೇಲ್ಸ್: ಹುಡುಗಿಯರಿಗೆ ತೆರೆದ ಬಾಗಿಲು

ಆದಿದೇವನು ಪುತ್ರರಿಗೆ ವಿದ್ಯೆಗಳನ್ನು ಬೋಧಿಸಿದಂತೆಯೇ ಪುತ್ರಿಯರಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದನೆಂದು ಜೈನ ಪುರಾಣಗಳು ಹೇಳುತ್ತವೆ. ಇಂಗ್ಲೆಂಡಿನ ಸಿರಿವಂತರ ವಸತಿಶಾಲೆಗಳಾದರೋ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬಹುಮಟ್ಟಿಗೆ ಗಂಡುಮಕ್ಕಳ ಕೋಟೆಗಳು. ಅಂಥದೊಂದು ಕೋಟೆಯಾದ ರಗ್ಬಿಯಲ್ಲಿ ಓದಿದ ಜೆ.ಎಚ್. ಬ್ಯಾಡ್ಲಿ 1893ರಲ್ಲಿ ಬೆಡೇಲ್ಸ್ ಶಾಲೆಯನ್ನು ಸ್ಥಾಪಿಸಿದಾಗ ಅಲ್ಲಿಯೂ ಹುಡುಗರಷ್ಟೇ ಇದ್ದರು. ಹುಡುಗಿಯರ ಪ್ರವೇಶವಾದದ್ದು 1898ರಲ್ಲಿ. ಸ್ತ್ರೀಯರ ಮತಾಧಿಕಾರವನ್ನು ಬೆಂಬಲಿಸುತ್ತಿದ್ದ ಪತ್ನಿ ಏಮಿ ಗ್ಯಾರೆಟ್ ಅವರ ಒತ್ತಾಸೆ ಇದರ ಹಿಂದಿತ್ತು. ಕೀರ್ತಿಯ ಪಾಲು ಮಾತ್ರ ಬ್ಯಾಡ್ಲಿಯವರಿಗೇ ಹೆಚ್ಚು ಸಂದಿತು! 1900ರಲ್ಲಿ ಶಾಲೆ ಹ್ಯಾಂಪ್‌ಷೈರಿನ ಸ್ಟೀಪ್ ಗ್ರಾಮಕ್ಕೆ ಬಂದಿತು. ಪುಸ್ತಕದ ಪಾಠದೊಡನೆ ಹೊಲಗೆಲಸ, ಕೈಕಸುಬುಗಳಿಗೂ ಅಲ್ಲಿ ಗೌರವವಿತ್ತು. ನಮ್ಮ ಮೈಸೂರಿನಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರು 1881ರಲ್ಲೇ ಬಾಲಿಕಾ ಪಾಠಶಾಲೆಯನ್ನು ತೆರೆದಿದ್ದರು, ಆದರೆ ಬಾಲಿಕೆಯರಿಗಷ್ಟೇ. ಅಂದಿನ ಮನೆತನಗಳ ಅಂಜಿಕೆಯನ್ನು ನೆನೆದರೆ, ಆ ಪ್ರತ್ಯೇಕ ಬಾಗಿಲನ್ನು ಹಿಂಜರಿಕೆಯೆಂದು ಹಳಿಯಲು ನನಗೆ ಮನಸ್ಸಿಲ್ಲ.