ಚಲಿಸುವ ರೈಲು ವ್ಯಾಗನ್‌ಗಳ ತೂಕಮಾಪನ

ಸರಕು ರೈಲಿನ ವ್ಯಾಗನ್‌ಗಳನ್ನು ಹಳಿಯ ಮೇಲೆ ಸಾಗುತ್ತಿರುವಾಗಲೇ ತೂಗುವ ವಿಧಾನ. ಇದಕ್ಕೆ ಬಳಸುವ ಸಾಧನವನ್ನು ಭಾರತೀಯ ರೈಲ್ವೆಯಲ್ಲಿ ಇನ್-ಮೋಷನ್ ವೇಬ್ರಿಡ್ಜ್ ಎನ್ನುತ್ತಾರೆ. ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲುಗಳಂತಹ ಸಡಿಲ ಸರಕಿಗೆ ಸಾಗಣೆ ದರ ಕಟ್ಟುವುದಕ್ಕೂ ಮಿತಿಮೀರಿ ತುಂಬಿದ ವ್ಯಾಗನ್‌ಗಳನ್ನು ಪತ್ತೆ ಮಾಡುವುದಕ್ಕೂ ಮಾರುವವರು, ಕೊಳ್ಳುವವರು ಮತ್ತು ಸಾಗಿಸುವವರ ನಡುವಿನ ಲೆಕ್ಕ ಚುಕ್ತಾ ಮಾಡುವುದಕ್ಕೂ ಈ ತೂಕವೇ ಆಧಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಡಿ ವ್ಯಾಗನ್‌ಗಳನ್ನು ಇಳಿಜಾರಿನಲ್ಲಿ ಉರುಳಿಸಿ ತೂಗುವುದರಿಂದ ಶುರುವಾದ ಈ ಪದ್ಧತಿ, 1960ರ ದಶಕದ ಹೊತ್ತಿಗೆ ಇಡೀ ರೈಲನ್ನೇ ಬಿಡಿಸದೆ ತೂಗುವ ಮಟ್ಟಕ್ಕೆ ಬೆಳೆಯಿತು. ವೇಗ ಹೆಚ್ಚಿದ ಪ್ರತಿ ಹಂತದಲ್ಲೂ ಯಂತ್ರ ತೋರಿಸುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಎದ್ದಿತು. ಪರೀಕ್ಷಾ ವ್ಯಾಗನ್‌ಗಳು, ಕಾನೂನುಗಳು ಮತ್ತು ಅಂತರರಾಷ್ಟ್ರೀಯ ಮಾನದಂಡಗಳು ರೂಪುಗೊಂಡದ್ದು ಆ ಪ್ರಶ್ನೆಗೆ ಉತ್ತರವಾಗಿ.

ಹಿನ್ನೆಲೆ

ತುಂಬಿದ ಗಾಡಿಯನ್ನು ಇಡಿಯಾಗಿ ತೂಗುವ ಅಗತ್ಯ ರೈಲಿಗಿಂತ ಹಳೆಯದು. ಇಂಗ್ಲೆಂಡಿನ ಸುಂಕದ ರಸ್ತೆಗಳಲ್ಲಿ ಭಾರಿ ಗಾಡಿಗಳು ರಸ್ತೆಯನ್ನು ಹಾಳುಮಾಡುತ್ತಿದ್ದುದರಿಂದ, ಹೆಚ್ಚು ತೂಕಕ್ಕೆ ಹೆಚ್ಚು ಸುಂಕ ವಸೂಲಿ ಮಾಡಲು 1741ರ ಕಾಯಿದೆ ಸುಂಕದ ಕಟ್ಟೆಗಳಲ್ಲಿ ತೂಕಯಂತ್ರ ಇಡಲು ಅನುಮತಿ ಕೊಟ್ಟಿತು. ಮೊದಮೊದಲು ಗಾಡಿಯನ್ನು ಸರಪಳಿಯಿಂದ ಮೇಲೆತ್ತಿ ತೂಗುತ್ತಿದ್ದರು. 1740ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ವಯಟ್ ಈ ಕಷ್ಟವನ್ನು ತಪ್ಪಿಸಿದ. ನೆಲಮಟ್ಟದ ಹಲಗೆಯ ಕೆಳಗೆ ಒಂದಕ್ಕೊಂದು ಜೋಡಿಸಿದ ಸನ್ನೆಕೋಲುಗಳನ್ನು ಹುದುಗಿಸಿ, ಗಾಡಿ ಹಲಗೆಯ ಯಾವ ಮೂಲೆಯಲ್ಲಿ ನಿಂತರೂ ಒಂದೇ ತೂಕ ಬರುವಂತೆ ಮಾಡಿದ. ಇಂದಿನ ವೇಬ್ರಿಡ್ಜ್‌ಗಳೆಲ್ಲ ಈ ಗುಣವನ್ನೇ ನೆಚ್ಚಿಕೊಂಡಿವೆ. ಅಮೆರಿಕದ ವರ್ಮಾಂಟ್‌ನ ಥಡಿಯಸ್ ಫೇರ್‌ಬ್ಯಾಂಕ್ಸ್ 1831ರಲ್ಲಿ ಹಲಗೆ ತಕ್ಕಡಿಗೆ ಪೇಟೆಂಟ್ ಪಡೆದ. ಅವನ ಕುಟುಂಬದ ಕಂಪನಿಯೂ ಇಂಗ್ಲೆಂಡಿನ ಏವರಿ ಕಂಪನಿಯೂ ಮುಂದೆ ರೈಲು ತೂಕಯಂತ್ರಗಳಿಗೆ ಹೆಸರಾದವು.

ರೈಲುಗಳು ಬಂದ ಮೇಲೆ ತೂಕದ ಮೇಲೆ ನಿಂತ ಹಣದ ಮೊತ್ತ ಬೆಳೆಯಿತು. ತೂಕದ ಬಗ್ಗೆ ಅಪನಂಬಿಕೆಯೂ ಅದರ ಜೊತೆಗೇ ಬಂತು. ಬ್ರಿಟಿಷ್ ಗಣಿಗಳಲ್ಲಿ ಅಗೆದ ಕಲ್ಲಿದ್ದಲಿನ ತೂಕಕ್ಕೆ ತಕ್ಕಂತೆ ಕೂಲಿ ಸಿಗುತ್ತಿತ್ತು. ಮಾಲೀಕರ ತಕ್ಕಡಿಯನ್ನು ಪರಿಶೀಲಿಸಲು ತಮ್ಮದೇ ತೂಕಗಾರನನ್ನು ನೇಮಿಸಿಕೊಳ್ಳುವ ಹಕ್ಕನ್ನು ಕಾರ್ಮಿಕರು 1860ರ ಗಣಿ ಕಾಯಿದೆಯಲ್ಲಿ ಪಡೆದರು. ತೂಕದ ಅಂಕಿಯನ್ನು ಎರಡೂ ಕಡೆಯವರು ಒಪ್ಪಬೇಕು ಎಂಬ ತತ್ತ್ವಕ್ಕೆ ಅಲ್ಲಿ ಕಾನೂನಿನ ಬಲ ದೊರೆಯಿತು.

ಉರುಳುವ ವ್ಯಾಗನ್‌ಗಳು

ಹಳೆಯ ಯಾಂತ್ರಿಕ ರೈಲು ವೇಬ್ರಿಡ್ಜ್‌ನಲ್ಲಿ ವ್ಯಾಗನ್ ಅನ್ನು ತಂದು ನಿಲ್ಲಿಸಿ, ಕೊಂಡಿ ಬಿಡಿಸಿ ತೂಗಬೇಕಿತ್ತು. ಸನ್ನೆಕೋಲುಗಳು ಕೂರುವ ಉಕ್ಕಿನ ಚೂಪು ಅಂಚುಗಳು ಸವೆದರೆ ತೂಕ ಕೆಡುತ್ತಿತ್ತು. ಹೀಗಾಗಿ ಎಂಜಿನ್ ತೂಕದ ಹಳಿಯ ಮೇಲೆ ಹೋಗದಂತೆ ಪಕ್ಕದಲ್ಲೇ ಬೇರೊಂದು ಜೋಡಿ ಹಳಿ ಹಾಕುತ್ತಿದ್ದರು. ನೂರಾರು ವ್ಯಾಗನ್‌ಗಳು ಬಂದು ಹೋಗುವ ಯಾರ್ಡ್‌ಗಳಲ್ಲಿ ಒಂದೊಂದನ್ನೇ ನಿಲ್ಲಿಸುತ್ತ ಕೂತರೆ ಸಂಚಾರವೇ ಕಟ್ಟಿಕೊಳ್ಳುತ್ತಿತ್ತು.

ಅಮೆರಿಕದ ರೈಲ್ವೆಗಳು ಇದಕ್ಕೆ ಹಂಪ್ ಯಾರ್ಡ್‌ಗಳಲ್ಲಿ ದಾರಿ ಕಂಡುಕೊಂಡವು. ಅಲ್ಲಿ ಎಂಜಿನ್ ವ್ಯಾಗನ್‌ಗಳನ್ನು ದಿಬ್ಬದ ತುದಿಗೆ ತಳ್ಳುತ್ತದೆ; ಕೊಂಡಿ ಬಿಚ್ಚಿದ ವ್ಯಾಗನ್ ತನ್ನ ಭಾರದಿಂದಲೇ ಇಳಿದು ತನಗೆ ಗೊತ್ತುಮಾಡಿದ ಹಳಿಗೆ ಸೇರುತ್ತದೆ. ಈ ಇಳಿಜಾರಿನಲ್ಲೇ ವೇಬ್ರಿಡ್ಜ್ ಕೂರಿಸಿದರು. ನಡಿಗೆಯ ವೇಗದಲ್ಲಿ ಉರುಳುವ ವ್ಯಾಗನ್ ತೂಕದ ಹಳಿಯ ಮೇಲೆ ಪೂರ್ತಿಯಾಗಿ ಇರುವ ಕೆಲವೇ ಸೆಕೆಂಡುಗಳಲ್ಲಿ ತೂಕಗಾರ ತಕ್ಕಡಿಯ ಸಲಾಕೆಯ ಮೇಲಿನ ಗುಂಡನ್ನು ಸರಿಸಿ, ಸಲಾಕೆ ಸಮವಾದ ಕೂಡಲೇ ತೂಕವನ್ನು ಚೀಟಿಯ ಮೇಲೆ ಅಚ್ಚೊತ್ತಬೇಕಿತ್ತು. ಸಲಾಕೆ ಇನ್ನೂ ತೂಗಾಡುತ್ತಿರುವಾಗಲೇ ವ್ಯಾಗನ್ ದಾಟಿಹೋದರೆ ಅಂಕಿ ಅಂದಾಜಿನದಾಗುತ್ತಿತ್ತು. ತೂಕಗಾರನ ಕಣ್ಣು ಮತ್ತು ಕೈಚಳಕದ ಮೇಲೆ ಸಾವಿರಾರು ಡಾಲರುಗಳ ಲೆಕ್ಕ ನಿಂತಿತ್ತು.

ಪರೀಕ್ಷೆಯ ಆರಂಭ

ಸರಕು ಕಳಿಸುವವರ ದೂರುಗಳ ನಂತರ ಅಮೆರಿಕದ ಅಂತರರಾಜ್ಯ ವಾಣಿಜ್ಯ ಆಯೋಗ ರೈಲ್ವೆ ತೂಕದ ಬಗ್ಗೆ ವಿಚಾರಣೆ ನಡೆಸಿ 1913ರಲ್ಲಿ ವರದಿ ಮಾಡಿತು. ಅದೇ ಕಾಲಕ್ಕೆ ಆ ದೇಶದ ರಾಷ್ಟ್ರೀಯ ಮಾನಕ ಬ್ಯೂರೋ ರೈಲು ವೇಬ್ರಿಡ್ಜ್‌ಗಳನ್ನು ಪರೀಕ್ಷಿಸುವ ಕೆಲಸ ಕೈಗೊಂಡಿತು. ನಿಖರವಾಗಿ ತೂಕ ಗೊತ್ತಿರುವ ಪರೀಕ್ಷಾ ವ್ಯಾಗನ್‌ಗಳನ್ನು ಊರೂರಿಗೆ ಒಯ್ದು, ಒಂದೊಂದು ಯಂತ್ರ ಎಷ್ಟು ತಪ್ಪುತ್ತಿದೆ ಎಂದು ನೋಡಲಾಯಿತು. ಪರೀಕ್ಷಾ ವ್ಯಾಗನ್‌ಗಳನ್ನೇ ತೂಗಿ ನೋಡಲು ಷಿಕಾಗೊ ಬಳಿಯ ಕ್ಲಿಯರಿಂಗ್‌ನಲ್ಲಿ 1918ರಲ್ಲಿ ಮೂಲ ತಕ್ಕಡಿಯೊಂದನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ಪ್ರತಿ ವೇಬ್ರಿಡ್ಜ್‌ನ ಅಂಕಿಗೂ ಹಿಂದೊಂದು ಸಾಕ್ಷಿಯ ಸರಪಳಿ ಇರಬೇಕೆಂಬ ನಿಯಮ ಬೇರೂರಿತು.

ಲೋಡ್ ಸೆಲ್

ಸನ್ನೆಕೋಲು ಮತ್ತು ಸಲಾಕೆ ಇರುವವರೆಗೆ ವೇಗಕ್ಕೆ ಮಿತಿಯಿತ್ತು. ಆ ಮಿತಿಯನ್ನು ದಾಟಿಸಿದ್ದು ಸ್ಟ್ರೇನ್ ಗೇಜ್. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ ಎಂದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಜ್ಞಾನಿ, 1856ರಲ್ಲೇ ತೋರಿಸಿದ್ದ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆ ಬೇರೆಯಾಗಿ, ಸಣ್ಣ ತಂತಿಯನ್ನು ಉಕ್ಕಿಗೆ ಅಂಟಿಸಿ ಉಕ್ಕು ಹಿಗ್ಗುವುದನ್ನು, ಕುಗ್ಗುವುದನ್ನು ಅಳೆಯುವ ಉಪಾಯ ಕಂಡುಹಿಡಿದರು. ರೂಜ್ ಆಗ ಭೂಕಂಪದಲ್ಲಿ ನೀರಿನ ಟ್ಯಾಂಕುಗಳ ಮೇಲೆ ಬೀಳುವ ಒತ್ತಡವನ್ನು ಅಧ್ಯಯನ ಮಾಡುತ್ತಿದ್ದ.

ಇಂತಹ ಗೇಜ್‌ಗಳನ್ನು ಅಂಟಿಸಿದ ಉಕ್ಕಿನ ತುಂಡೇ ಲೋಡ್ ಸೆಲ್. ವ್ಯಾಗನ್ನಿನ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಗೇಜ್‌ಗಳನ್ನು ವೀಟ್‌ಸ್ಟನ್ ಸೇತುವೆ ಎಂಬ ವಿದ್ಯುತ್ ಮಂಡಲದ ರೀತಿ ಜೋಡಿಸಿರುವುದರಿಂದ ಕೆಲವೇ ಮಿಲಿವೋಲ್ಟ್‌ಗಳ ಸಂಕೇತ ಹೊರಡುತ್ತದೆ. ತೂಗಾಡುವ ಸಲಾಕೆ ಇಲ್ಲದ್ದರಿಂದ ಸೆಕೆಂಡಿಗೆ ನೂರಾರು ಬಾರಿ ಓದಿ ಸರಾಸರಿ ತೆಗೆಯಬಹುದು.

ಇಡೀ ರೈಲಿನ ತೂಕ

1960ರ ದಶಕದಲ್ಲಿ ಒಂದೇ ಗಣಿಯಿಂದ ಒಂದೇ ಗಿರಾಕಿಗೆ ಇಡೀ ರೈಲು ಕಲ್ಲಿದ್ದಲು ಕಳಿಸುವ ಪದ್ಧತಿ ಅಮೆರಿಕದಲ್ಲಿ ಹರಡಿತು. ಬ್ರಿಟನ್ನಿನಲ್ಲಿ 1965ರಿಂದ ಗಣಿ ಮತ್ತು ವಿದ್ಯುತ್ ಸ್ಥಾವರದ ನಡುವೆ ಬಿಡಿಸದೆಯೇ ಸುತ್ತುವ ಮೆರಿ-ಗೋ-ರೌಂಡ್ ರೈಲುಗಳು ಓಡಿದವು. ಅವು ನಿಧಾನಕ್ಕೆ ಚಲಿಸುತ್ತಲೇ ಕಲ್ಲಿದ್ದಲು ಸುರಿದು ಹಿಂದಿರುಗುತ್ತಿದ್ದವು. ಕೊಂಡಿ ಬಿಚ್ಚುವುದೇ ಇಲ್ಲದ ಮೇಲೆ ವ್ಯಾಗನ್‌ಗಳನ್ನು ಜೋಡಿಸಿದಂತೆಯೇ ತೂಗುವುದು ಅನಿವಾರ್ಯವಾಯಿತು. ಭಾರತದಲ್ಲಿ ಎನ್‌ಟಿಪಿಸಿ ಕಂಪನಿಯ ಸಿಂಗ್ರೌಲಿಯಂತಹ ವಿದ್ಯುತ್ ಸ್ಥಾವರಗಳೂ ಇದೇ ಬಗೆಯ ರೈಲುಗಳನ್ನು ಅಳವಡಿಸಿಕೊಂಡವು.

ಕೆಲಸ ಮಾಡುವ ಬಗೆ

ತೂಕದ ಸ್ಥಳದಲ್ಲಿ ಹಳಿಯ ಒಂದು ತುಂಡನ್ನು ಬೇರ್ಪಡಿಸಿ ಲೋಡ್ ಸೆಲ್‌ಗಳ ಮೇಲೆ ಕೂರಿಸುತ್ತಾರೆ. ಗುಂಡಿ ತೋಡದೆ ಸ್ಲೀಪರ್‌ಗಳಲ್ಲೇ ಸೆಲ್ ಅಡಗಿಸುವ, ಇಲ್ಲವೆ ಹಳಿಯ ಪಕ್ಕೆಗೇ ಗೇಜ್ ಅಂಟಿಸುವ ಮಾದರಿಗಳೂ ಇವೆ. ಚಕ್ರ ದಾಟಿದ್ದನ್ನು ಗುರುತಿಸುವ ಸಂವೇದಕಗಳು ದಿಕ್ಕು ಮತ್ತು ವೇಗವನ್ನು ಅಳೆದು, ಅಚ್ಚುಗಳ ನಡುವಿನ ಅಂತರ ನೋಡಿ ಎಂಜಿನ್ ಯಾವುದು, ವ್ಯಾಗನ್ ಯಾವುದು ಎಂದು ವಿಂಗಡಿಸುತ್ತವೆ. ಕೆಲವು ಯಂತ್ರಗಳು ಒಂದೊಂದು ಅಚ್ಚನ್ನು, ಕೆಲವು ಎರಡು ಅಚ್ಚುಗಳ ಬೋಗಿ ಚೌಕಟ್ಟನ್ನು, ಇನ್ನು ಕೆಲವು ಇಡೀ ವ್ಯಾಗನ್ ಅನ್ನು ಒಟ್ಟಿಗೆ ತೂಗುತ್ತವೆ.

ಇಲ್ಲಿ ಸಿಗುವ ಸಮಯ ಬಹಳ ಕಡಿಮೆ. ಭಾರತದಲ್ಲಿ ಕಲ್ಲಿದ್ದಲು, ಅದಿರು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ನಿನ ಒಂದು ಬೋಗಿ ಚೌಕಟ್ಟಿನಲ್ಲಿ ಅಚ್ಚಿನಿಂದ ಅಚ್ಚಿಗೆ 2 ಮೀಟರ್. ತೂಕದ ಹಳಿ 4 ಮೀಟರ್ ಉದ್ದವಿದ್ದರೆ ಎರಡೂ ಅಚ್ಚುಗಳು ಅದರ ಮೇಲೆ ಒಟ್ಟಿಗೆ ಇರುವುದು 2 ಮೀಟರ್ ಚಲಿಸುವಷ್ಟು ಹೊತ್ತು ಮಾತ್ರ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ಸುಮಾರು 0.7 ಸೆಕೆಂಡ್, 30 ಕಿ.ಮೀ. ವೇಗದಲ್ಲಿ 0.24 ಸೆಕೆಂಡ್. ತುಂಬಿದ ವ್ಯಾಗನ್ ತನ್ನ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಎರಡು-ಮೂರು ಬಾರಿ ಮೇಲೆ ಕೆಳಗೆ ಕುಲುಕುತ್ತಿರುತ್ತದೆ. ತಕ್ಕಡಿಯ ಮೇಲೆ ನಿಂತು ಕುಣಿಯುವ ಮಗುವಿನ ತೂಕದಂತೆ ಅಂಕಿ ಏರಿಳಿಯುತ್ತದೆ. ಒಂದೆರಡು ಕುಲುಕಾದರೂ ಪೂರ್ಣವಾದರೆ ಸರಾಸರಿ ನಿಜಕ್ಕೆ ಹತ್ತಿರ ಬರುತ್ತದೆ. ವೇಗ ಹೆಚ್ಚಿ ಅರ್ಧ ಕುಲುಕಷ್ಟೇ ಸಿಕ್ಕಿದರೆ ಅದು ತಪ್ಪು ದಾರಿ ಹಿಡಿಸುತ್ತದೆ. ಬಹುತೇಕ ವೇಬ್ರಿಡ್ಜ್‌ಗಳಲ್ಲಿ ವೇಗವನ್ನು ಗಂಟೆಗೆ 15 ಕಿ.ಮೀ. ಆಸುಪಾಸಿಗೆ ಮಿತಿಗೊಳಿಸಿರುವುದಕ್ಕೆ ಇದೇ ಕಾರಣ.

ಜೋಡಿಸಿದ ವ್ಯಾಗನ್‌ಗಳಲ್ಲಿ ಇನ್ನೊಂದು ತೊಡಕಿದೆ. ಚಾಲಕ ಬ್ರೇಕ್ ಹಾಕಿದರೆ ಅಥವಾ ಒಮ್ಮೆಲೇ ಎಳೆದರೆ ಕೊಂಡಿಗಳು ಬಿಗಿಯಾಗಿ, ಘರ್ಷಣೆಯಿಂದ ಒಂದು ವ್ಯಾಗನ್ನಿನ ಭಾರದ ಒಂದಿಷ್ಟು ಪಾಲು ಪಕ್ಕದ್ದಕ್ಕೆ ವರ್ಗವಾಗುತ್ತದೆ. ಒಂದರಲ್ಲಿ ಕಡಿಮೆ ಕಂಡದ್ದು ಇನ್ನೊಂದರಲ್ಲಿ ಹೆಚ್ಚಾಗಿ ಕಾಣುವುದರಿಂದ ಇಡೀ ರೈಲಿನ ಮೊತ್ತ ಬಿಡಿ ವ್ಯಾಗನ್ನಿನ ಅಂಕಿಗಿಂತ ನಂಬಲರ್ಹ. ತೂಕದ ಹಳಿಯ ಎರಡೂ ಬದಿಗಳಲ್ಲಿ ದಾರಿ ನೇರವಾಗಿ, ಸಮತಟ್ಟಾಗಿ, ಗಟ್ಟಿ ತಳಪಾಯದ ಮೇಲೆ ಇರಬೇಕು. ಒಂದು ಬೋಗಿ ಚೌಕಟ್ಟನ್ನು ತೂಗುವಾಗ ಇನ್ನೊಂದು ಹೊರಗಿನ ಹಳಿಯ ಮೇಲಿರುತ್ತದೆ. ಅಲ್ಲಿ ಜಲ್ಲಿ ಕುಸಿದಿದ್ದರೆ ಭಾರ ಒಂದು ಕಡೆಗೆ ವಾಲುತ್ತದೆ. ಚಕ್ರದ ಸುತ್ತು ಎಲ್ಲಾದರೂ ಸವೆದು ಚಪ್ಪಟೆಯಾಗಿದ್ದರೂ ತೂಕ ಕದಡುತ್ತದೆ.

ಸರಕಿನ ತೂಕ ಬೇಕೆಂದರೆ ಒಟ್ಟು ತೂಕದಿಂದ ಖಾಲಿ ವ್ಯಾಗನ್ನಿನ ತೂಕ ಕಳೆಯಬೇಕು. ಅದನ್ನು ವ್ಯಾಗನ್ನಿನ ಪಕ್ಕೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ತಳದಲ್ಲಿ ಹಳೆಯ ಅದಿರು ಅಂಟಿಕೊಂಡಿದ್ದರೆ, ಮಳೆಯಲ್ಲಿ ತೊಯ್ದಿದ್ದರೆ, ದುರಸ್ತಿಯಲ್ಲಿ ತಗಡು ಬದಲಾಗಿದ್ದರೆ ಬರೆದ ಅಂಕಿ ನಿಜಕ್ಕೆ ಹೊಂದುವುದಿಲ್ಲ. ಕರಾರುವಾಕ್ಕಾದ ಲೆಕ್ಕ ಬೇಕಾದಲ್ಲಿ ಖಾಲಿ ರೇಕನ್ನೂ, ಅಂದರೆ ಖಾಲಿ ವ್ಯಾಗನ್‌ಗಳ ಇಡೀ ಸಾಲನ್ನೂ, ತೂಗುತ್ತಾರೆ.

ಮಾನದಂಡಗಳು

ಕಾನೂನು ಮಾಪನದ ಅಂತರರಾಷ್ಟ್ರೀಯ ಸಂಸ್ಥೆಯಾದ ಒಐಎಂಎಲ್, ಸ್ವಯಂಚಾಲಿತ ರೈಲು ವೇಬ್ರಿಡ್ಜ್‌ಗಳಿಗಾಗಿ ಆರ್ 106 ಎಂಬ ಶಿಫಾರಸನ್ನು 1990ರ ದಶಕದಲ್ಲಿ ಪ್ರಕಟಿಸಿ, 2011ರಲ್ಲಿ ಪರಿಷ್ಕರಿಸಿತು. ಅದರಲ್ಲಿ 0.2, 0.5, 1 ಮತ್ತು 2 ಎಂಬ ನಾಲ್ಕು ನಿಖರತೆಯ ವರ್ಗಗಳಿವೆ. 0.5 ವರ್ಗದ ಯಂತ್ರ ಮೊದಲ ಪರಿಶೀಲನೆಯಲ್ಲಿ ಶೇ 0.25ಕ್ಕಿಂತ, ಬಳಕೆಯಲ್ಲಿರುವಾಗ ಶೇ 0.5ಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಪರೀಕ್ಷೆಗೆ ವ್ಯಾಗನ್‌ಗಳನ್ನು ಮೊದಲು ನಂಬಲರ್ಹ ಯಂತ್ರದಲ್ಲಿ ಬಿಡಿಯಾಗಿ, ನಿಲ್ಲಿಸಿ ತೂಗುತ್ತಾರೆ. ಬಳಿಕ ಅವನ್ನೇ ಜೋಡಿಸಿ ಬೇರೆ ಬೇರೆ ವೇಗಗಳಲ್ಲಿ ಓಡಿಸಿ ತೂಗಿ, ಎರಡೂ ಅಂಕಿಗಳನ್ನು ಹೋಲಿಸುತ್ತಾರೆ. ಭಾರತದಲ್ಲಿ 2009ರ ಕಾನೂನು ಮಾಪನ ಕಾಯಿದೆ ಮತ್ತು 2011ರ ನಿಯಮಗಳು ಈ ಯಂತ್ರಗಳ ಪರಿಶೀಲನೆ ಮತ್ತು ಮುದ್ರೆಯನ್ನು ಕಡ್ಡಾಯ ಮಾಡಿವೆ. ತಾಂತ್ರಿಕ ವಿವರಗಳನ್ನು ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ನಿಗದಿಪಡಿಸುತ್ತದೆ.

ಭಾರತದಲ್ಲಿ ಬಳಕೆ

ಭಾರತೀಯ ರೈಲ್ವೆ 2022-23ರಲ್ಲಿ 151 ಕೋಟಿ ಟನ್ ಸರಕು ತುಂಬಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಲ್ಲಿದ್ದಲು. 1989ರ ರೈಲ್ವೆ ಕಾಯಿದೆಯ 72ನೇ ಕಲಮು ವ್ಯಾಗನ್ನಿನ ಗರಿಷ್ಠ ಹೊರೆಯನ್ನು ಗೊತ್ತುಪಡಿಸುತ್ತದೆ. 73ನೇ ಕಲಮು ಹೆಚ್ಚುವರಿ ಹೊರೆಗೆ ದಂಡ ವಿಧಿಸುತ್ತದೆ. 78ನೇ ಕಲಮು ಸರಕನ್ನು ಮತ್ತೆ ತೂಗುವ ಅಧಿಕಾರವನ್ನು ರೈಲ್ವೆಗೆ ಕೊಡುತ್ತದೆ. ತುಂಬುವ ಸೈಡಿಂಗ್‌ನಲ್ಲೋ ದಾರಿಯಲ್ಲಿ ಗೊತ್ತುಮಾಡಿದ ವೇಬ್ರಿಡ್ಜ್‌ನಲ್ಲೋ ರೇಕ್ ತೂಗಿ, ಅಂಕಿಯನ್ನು ಸರಕು ಸಂಚಾರದ ಗಣಕ ಜಾಲಕ್ಕೆ ಸೇರಿಸುತ್ತಾರೆ. ಒಂದೇ ಅಳತೆಯ ಚೀಲಗಳಲ್ಲಿ ತುಂಬಿದ ಧಾನ್ಯ, ಸಿಮೆಂಟ್, ಗೊಬ್ಬರಗಳಿಗೆ ಚೀಲ ಎಣಿಸಿ ಲೆಕ್ಕ ಹಾಕುವ ರೂಢಿಯೂ ಇದೆ.

ಮೂಲ ಬಾಕ್ಸ್‌ಎನ್ ವ್ಯಾಗನ್ ಸುಮಾರು 22.5 ಟನ್ ಭಾರವಿದ್ದು, ತುಂಬಿದಾಗ 81.28 ಟನ್ ಆಗುತ್ತಿತ್ತು, ಅಂದರೆ ಅಚ್ಚಿಗೆ 20.32 ಟನ್. 2005ರ ಸುಮಾರಿಗೆ ಆಯ್ದ ಮಾರ್ಗಗಳಲ್ಲಿ, ಮುಖ್ಯವಾಗಿ ಅದಿರು ಸಾಗುವಲ್ಲಿ, ರೈಲ್ವೆ ಈ ಮಿತಿಯನ್ನು ಅಚ್ಚಿಗೆ 23 ಟನ್ನಿನ ಸಮೀಪಕ್ಕೆ ಏರಿಸಿತು. ಹಳಿ, ಸ್ಪ್ರಿಂಗ್, ಸೇತುವೆಗಳಿಗೆ ಉಳಿದಿದ್ದ ಅವಕಾಶ ಕಿರಿದಾದ್ದರಿಂದ ತೂಕದ ನಿಗಾ ಇನ್ನಷ್ಟು ಮುಖ್ಯವಾಯಿತು. ಹೊರೆ ಮೀರಿದರೆ ಅಚ್ಚಿನ ಬೇರಿಂಗ್ ಕಾಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಹಳಿ ಬಿರುಕು ಬಿಡುತ್ತದೆ. ಹೊರೆ ಒಂದೇ ಬದಿಗೆ ವಾಲಿದ್ದರೆ ವ್ಯಾಗನ್ ಹಳಿ ತಪ್ಪಬಹುದು.

ಕಲ್ಲಿದ್ದಲಿನ ವ್ಯವಹಾರದಲ್ಲಿ ಒಂದೊಂದು ಶೇಕಡಾ ಅಂಶಕ್ಕೂ ಬೆಲೆಯಿದೆ. ಸುಮಾರು 3,500 ಟನ್ ಸರಕಿನ ರೇಕ್‌ನಲ್ಲಿ ಶೇ 0.5 ಎಂದರೆ 17 ಟನ್ನಿಗೂ ಹೆಚ್ಚು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ದರ ನಿಯಮಗಳು ಗಣಿಯಿಂದ ದೂರದ ಸ್ಥಾವರಗಳಿಗೆ ಸಾಗಣೆಯಲ್ಲಿನ ನಷ್ಟವೆಂದು ಶೇ 0.8ರಷ್ಟನ್ನು ಒಪ್ಪುತ್ತವೆ. ಎರಡು ತುದಿಗಳಲ್ಲೂ 0.5 ವರ್ಗದ ವೇಬ್ರಿಡ್ಜ್‌ಗಳಿದ್ದು ಅವು ವಿರುದ್ಧ ದಿಕ್ಕಿನಲ್ಲಿ ತಪ್ಪಿದರೆ, ಒಂದು ಹಿಡಿ ಕಲ್ಲಿದ್ದಲೂ ಕಳೆಯದೆ ಶೇ 1ರಷ್ಟು ಕೊರತೆ ಕಾಗದದ ಮೇಲೆ ಕಾಣಿಸಬಹುದು. ಕಳವು ಯಾವುದು, ಯಂತ್ರದ ತಪ್ಪು ಯಾವುದು ಎಂದು ಬೇರ್ಪಡಿಸಲು ನಿಯಮಿತ ಪರೀಕ್ಷೆಯೊಂದೇ ದಾರಿ.

ಕರ್ನಾಟಕದ ಅದಿರು ಸಾಗಣೆ

ಬಳ್ಳಾರಿ, ಹೊಸಪೇಟೆ, ಸಂಡೂರು ಭಾಗದ ಕಬ್ಬಿಣದ ಅದಿರು 2000ರ ದಶಕದಲ್ಲಿ ಚೀನಾದ ಬೇಡಿಕೆಯಿಂದಾಗಿ ಲಾರಿ ಮತ್ತು ರೈಲುಗಳಲ್ಲಿ ಭಾರಿ ಪ್ರಮಾಣದಲ್ಲಿ ಹೊರಟಿತು. ಅದಿರು ಕಲ್ಲಿದ್ದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರ. ಕಲ್ಲಿದ್ದಲು ವ್ಯಾಗನ್ನಿನ ಬಾಯಿಯವರೆಗೆ ತುಂಬಿದಾಗ ಬರುವ ತೂಕ ಅದಿರು ಅರ್ಧ ತುಂಬುವಷ್ಟರಲ್ಲೇ ಬಂದಿರುತ್ತದೆ. ಲೋಡರ್ ಇನ್ನೆರಡು ಬಾರಿ ಸುರಿದರೂ ವ್ಯಾಗನ್ ಖಾಲಿಯಿರುವಂತೆ ಕಾಣುವುದರಿಂದ, ಹೆಚ್ಚುವರಿ ಹೊರೆಯನ್ನು ಕಣ್ಣಳತೆಯಿಂದ ಹಿಡಿಯುವುದು ಆಗದ ಮಾತು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ 2011ರ ಲೋಕಾಯುಕ್ತ ವರದಿ ಲಾರಿಗಳ ಮಿತಿಮೀರಿದ ಹೊರೆಯನ್ನು ಅಕ್ರಮ ಗಣಿಗಾರಿಕೆಯ ಒಂದು ಮುಖ್ಯ ಅಂಗವೆಂದು ದಾಖಲಿಸಿತು. ಅದೇ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಬಳಿಕ ಕೋರ್ಟ್ ನೇಮಿಸಿದ ಮೇಲ್ವಿಚಾರಣಾ ಸಮಿತಿಯ ಇ-ಹರಾಜಿನ ಮೂಲಕ ಅದಿರು ಮಾರುವ ವ್ಯವಸ್ಥೆ ಬಂದಾಗ, ಹೊರಟ ಪ್ರತಿ ಟನ್ನಿಗೂ ತೂಕದ ದಾಖಲೆ ಇರಬೇಕಾಯಿತು.

ಇತ್ತೀಚಿನ ಬೆಳವಣಿಗೆ

ರೈಲು ಪೂರ್ಣ ವೇಗದಲ್ಲಿ ಓಡುವಾಗಲೇ ಚಕ್ರಗಳ ಹೊಡೆತವನ್ನು ಅಳೆಯುವ ಸಾಧನಗಳು 1980ರ ದಶಕದಿಂದ ಬೆಳೆದಿವೆ. ಅಮೆರಿಕದಲ್ಲಿ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್‌ನ ಮಾರ್ಗದ ಕಾಂಕ್ರೀಟ್ ಸ್ಲೀಪರ್‌ಗಳು ಬಿರುಕು ಬಿಟ್ಟ ಕಾರಣ ಹುಡುಕುವಾಗ ಇವು ಹುಟ್ಟಿದವು. ನೆದರ್ಲೆಂಡ್ಸ್‌ನಲ್ಲಿ ಹಳಿಗೆ ಜೋಡಿಸಿದ ಆಪ್ಟಿಕಲ್ ಫೈಬರ್‌ನಿಂದ ಅಚ್ಚಿನ ಭಾರವನ್ನು ಅಂದಾಜು ಮಾಡುತ್ತಾರೆ. ಅಪಾಯದ ವ್ಯಾಗನ್‌ಗಳನ್ನು ಗುರುತಿಸಲು ಇಂತಹ ಅಳತೆ ಸಾಕು. ಹಣದ ಲೆಕ್ಕಕ್ಕೆ ಮಾತ್ರ ಇಂದಿಗೂ ನಿಧಾನವಾಗಿ ದಾಟಿಸಿ, ಮುದ್ರೆಯೊತ್ತಿದ ವೇಬ್ರಿಡ್ಜ್‌ನಲ್ಲಿ ತೂಗುವುದೇ ಸಾಮಾನ್ಯ ರೂಢಿ. ಎಷ್ಟು ವೇಗದಲ್ಲಿ ತೂಗಬಹುದು ಎಂಬುದಕ್ಕಿಂತ, ಎಷ್ಟು ವೇಗದವರೆಗೆ ಗಣಿಯವರು, ರೈಲ್ವೆಯವರು ಮತ್ತು ಗಿರಾಕಿ ಮೂವರೂ ಒಂದೇ ಅಂಕಿಯನ್ನು ಒಪ್ಪಬಲ್ಲರು ಎಂಬುದೇ ಈ ತಂತ್ರಜ್ಞಾನದ ಮಿತಿಯನ್ನು ನಿರ್ಧರಿಸುತ್ತಿದೆ.