ಹವ್ಯಾಸದ ವೆಚ್ಚವೂ ಮಡದಿಯ ಸಮ್ಮತಿಯೂ

ಗೃಹಸ್ಥನೊಬ್ಬನಿಗೆ ಪುಸ್ತಕದ ಹುಚ್ಚಾಗಲಿ, ಯಂತ್ರದ ಹುಚ್ಚಾಗಲಿ, ಚಿತ್ರದ ಹುಚ್ಚಾಗಲಿ ಹಿಡಿದಿತೆಂದರೆ, ಅದರ ಮೊದಲ ವಿಚಾರಣೆಯು ಅವನ ಅಡುಗೆಮನೆಯಲ್ಲಿಯೇ ನಡೆಯುವುದು. ತಿಂಗಳ ಸಂಪಾದನೆಯೆಂಬುದು ಅಕ್ಕಿಬೇಳೆ, ಮಕ್ಕಳ ವಿದ್ಯಾಭ್ಯಾಸ, ಮದುವೆ ಮುಂಜಿ, ಔಷಧೋಪಚಾರ ಇವುಗಳಿಗೆ ಮೊದಲೇ ಹಂಚಿಹೋಗಿರುತ್ತದೆಯಷ್ಟೆ. ಅದರಿಂದ ದೊಡ್ಡದೊಂದು ಮೊತ್ತವನ್ನು ತನ್ನ ಹವ್ಯಾಸಕ್ಕಾಗಿ ತೆಗೆಯಬೇಕೆಂಬಾತನು ಹೆಂಡತಿಯನ್ನು ಒಪ್ಪಿಸಬೇಕು. ಈ ಒಪ್ಪಿಸುವ ಕಾರ್ಯವು ಹಾಸ್ಯಲೇಖನಗಳಿಗೆ ವಸ್ತುವಾಗಿರುವುದುಂಟು. ಚರಿತ್ರೆಗೆ ವಸ್ತುವಾದದ್ದು ಕಡಮೆ. ಆದರೆ ನಾವು ಇಂದು ಸಾರ್ವಜನಿಕ ಸಂಪತ್ತೆಂದು ಹೊಗಳುವ ಎಷ್ಟೋ ಸಂಸ್ಥೆಗಳು ಮೊದಲು ಒಬ್ಬನ ಹವ್ಯಾಸವಾಗಿಯೇ ಹುಟ್ಟಿ, ಈ ಬಾಗಿಲನ್ನು ದಾಟಿಯೇ ಹೊರಕ್ಕೆ ಬಂದವು. ಆ ಬಾಗಿಲನ್ನು ತೆರೆದವರ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮಗೆ ಸಮೀಪದ ದೃಷ್ಟಾಂತವನ್ನೇ ಮೊದಲು ನೋಡೋಣ. ಮೈಸೂರು ನಗರದ ಪೂರ್ವಭಾಗದಲ್ಲಿರುವ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬವರು 2011ರಲ್ಲಿ ಒಂದು ಗ್ರಂಥಾಲಯವನ್ನು ತೆರೆದರು. ಅವರು ಕೂಲಿಕೆಲಸ ಮಾಡಿ ಜೀವಿಸುವವರು; ಶಾಲೆಯ ವಿದ್ಯೆ ತಮಗೆ ದೊರೆಯದಿದ್ದುದರಿಂದಲೇ ಬಡಾವಣೆಯ ಜನರಿಗೆ ಕನ್ನಡದ ಓದು ದೊರೆಯಲೆಂದು ಬಯಸಿದವರು. ಹತ್ತು ವರ್ಷಗಳಲ್ಲಿ 11,000ಕ್ಕೂ ಮಿಕ್ಕಿ ಪುಸ್ತಕಗಳು ಅಲ್ಲಿ ಕೂಡಿದವು. 2021ರ ಏಪ್ರಿಲ್ 9ರ ಬೆಳಗಿನ ಜಾವದಲ್ಲಿ ಬೆಂಕಿ ಬಿದ್ದು ಅವೆಲ್ಲವೂ ಬೂದಿಯಾದವು. ಸುದ್ದಿ ತಿಳಿದೊಡನೆ ನಾನಾ ಕಡೆಗಳಿಂದ ಸಹಾಯಹಸ್ತಗಳು ಚಾಚಿದವು. ಪತ್ರಿಕೆಗಳ ವರದಿಯಂತೆ ಆ ಗ್ರಂಥಾಲಯಕ್ಕೆ ಅವರು ಮಾಡುತ್ತಿದ್ದ ವೆಚ್ಚ ತಿಂಗಳಿಗೆ ಸುಮಾರು 6,000 ರೂಪಾಯಿ. ಸುಟ್ಟ ಪುಸ್ತಕಗಳ ಲೆಕ್ಕವನ್ನು ನಾಡೆಲ್ಲವೂ ಕೇಳಿತು. ಆದರೆ ದಿನಗೂಲಿಯ ಸಂಸಾರದಿಂದ ತಿಂಗಳು ತಿಂಗಳೂ ಅಷ್ಟು ಹಣವು ಹೊರಕ್ಕೆ ಹೋಗಬೇಕಾದರೆ, ಒಳಗೆ ಯಾವುದೋ ಒಂದು ಬಯಕೆಯು ಅಷ್ಟರಮಟ್ಟಿಗೆ ಹಿಂದೆ ಸರಿಯಲೇಬೇಕು. ಆ ಲೆಕ್ಕವನ್ನು ಯಾವ ಗ್ರಂಥಾಲಯದ ದಫ್ತರದಲ್ಲಿಯೂ ಬರೆಯುವ ಪದ್ಧತಿಯಿಲ್ಲ.

ಹೀಗೆ ಹಿಂದೆ ಸರಿಯಬೇಕೆಂದು ಮಡದಿಯನ್ನು ಕೇಳಲು ಗಂಡನಿಗೆ ಅಧಿಕಾರವೆಷ್ಟು? ಈ ಪ್ರಶ್ನೆಯನ್ನು ಕನ್ನಡ ನೆಲದಲ್ಲಿಯೇ ಒಬ್ಬ ಮಹಾಪಂಡಿತನು ವಿವೇಚಿಸಿದ್ದಾನೆ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಪ್ರಕಾರ ಹೆಂಡತಿಯ ಸ್ತ್ರೀಧನವನ್ನು ಗಂಡನು ತೆಗೆದುಕೊಂಡು ಹಿಂದಿರುಗಿಸದೆ ಇರಬಹುದಾದ ಸಂದರ್ಭಗಳು ನಾಲ್ಕೇ: ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಸೆರೆ. ಉಳಿದ ಯಾವ ಕಾರಣಕ್ಕಾಗಿ ತೆಗೆದುಕೊಂಡರೂ ಅದು ತೀರಿಸತಕ್ಕ ಸಾಲ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತ ಶಾಸನವೊಂದನ್ನು ಮಾಡಿ ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಸ್ತ್ರೀಧನಕ್ಕೆ ಹೆಂಡತಿಯೇ ಪೂರ್ಣ ಒಡತಿಯೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ತೀರ್ಪಿತ್ತಿತು.

ಆ ನಾಲ್ಕು ಸಂದರ್ಭಗಳಲ್ಲಿ ಹವ್ಯಾಸಕ್ಕೆ ಸ್ಥಾನವಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹವ್ಯಾಸಿಯೂ ಅದನ್ನು ಗಮನಿಸಿಯೇ ಇರುತ್ತಾನೆ. ಆದುದರಿಂದಲೇ ಅವನು ತನ್ನ ಬಯಕೆಯನ್ನು ಧರ್ಮಕಾರ್ಯದ ಪಂಕ್ತಿಯಲ್ಲಿ ತಂದು ಕೂರಿಸಲು ಹವಣಿಸುವುದು: “ಇದು ನನಗಾಗಿ ಅಲ್ಲ, ಮಕ್ಕಳಿಗಾಗಿ, ಮಕ್ಕಳಿಗಾಗಿ ಮಾತ್ರವಲ್ಲ, ನಾಡಿಗಾಗಿ.” ಈ ಮಾತು ಕೆಲವರ ವಿಷಯದಲ್ಲಿ ನಿಜವೂ ಆಗುತ್ತದೆ. ಆದರೆ ಅದು ನಿಜವಾಗುವುದು ಇಪ್ಪತ್ತು ಮೂವತ್ತು ವರ್ಷಗಳ ತರುವಾಯ. ಮಡದಿಯು ಉತ್ತರ ಕೊಡಬೇಕಾದದ್ದು ಇಂದೇ. ಅವಳ ಕಷ್ಟವೆಲ್ಲವೂ ಇಲ್ಲಿದೆ.

ಈ ಕಷ್ಟವನ್ನು ನ್ಯಾಯವಾಗಿ ಎದುರಿಸಿದ ದಂಪತಿಗಳ ಕಥೆಯೊಂದು ನೆರೆಯ ಮರಾಠಿ ನಾಡಿನಲ್ಲಿ ದೊರೆಯುತ್ತದೆ. ದಾದಾಸಾಹೇಬ ಫಾಲ್ಕೆಯವರು ಮುಂಬಯಿಯಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಚಲಚ್ಚಿತ್ರವನ್ನು ಕಂಡು ಬೆರಗಾದರು. ಬೆರಗಾದವರು ಮನೆಗೆ ಬಂದು ವಾದ ಹೂಡಲಿಲ್ಲ, ಪತ್ನಿ ಸರಸ್ವತೀಬಾಯಿಯವರನ್ನು ಅದೇ ಚಿತ್ರಕ್ಕೆ ಕರೆದುಕೊಂಡು ಹೋದರು. ಬಳಿಕ ಜೀವವಿಮೆಯನ್ನು ಒತ್ತೆಯಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮರಾವನ್ನು ಕೊಂಡರು. ತಂದೊಡನೆ ದೊಡ್ಡ ಚಿತ್ರಕ್ಕೆ ಕೈಹಾಕದೆ, ಬಟಾಣಿಯ ಬೀಜವು ಮೊಳೆತು ಬೆಳೆಯುವುದನ್ನು ಚಿತ್ರಿಸಿ ತೋರಿಸಿದರು. ಮುಂದೆ ಸರಸ್ವತೀಬಾಯಿಯವರ ಒಡವೆಗಳೂ ಸಾಲಕ್ಕೆ ಆಧಾರವಾದವು. ಆಕೆ ಫಿಲ್ಮಿಗೆ ರಂಧ್ರ ಹಾಕುವುದನ್ನೂ ಅದನ್ನು ಸಂಸ್ಕರಿಸುವುದನ್ನೂ ಕಲಿತರು. ಚಿತ್ರದ ಕೆಲಸಗಾರರೆಲ್ಲರಿಗೂ ಅಡುಗೆ ಮಾಡಿ ಬಡಿಸಿದರು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ವು ಪ್ರದರ್ಶಿತವಾಯಿತು. ಇಲ್ಲಿ ಒಪ್ಪಿಗೆಯು ಮಾತಿನ ಚಾತುರ್ಯದಿಂದ ಬಂದದ್ದಲ್ಲ. ತಾನು ಕಂಡದ್ದನ್ನು ಅವಳೂ ಕಾಣುವಂತೆ ಮಾಡಿ, ತನ್ನ ವಿಮೆಯನ್ನು ಅವಳ ಒಡವೆಗಿಂತ ಮೊದಲು ಪಣಕ್ಕಿಟ್ಟು, ಅವಳನ್ನು ಕೆಲಸದಲ್ಲಿ ಸಹಭಾಗಿಯಾಗಿ ಮಾಡಿಕೊಂಡದ್ದರಿಂದ ಅದು ಬಂದಿತು.

ಕನ್ನಡನಾಡಿನಲ್ಲಿಯೂ ಇಂಥ ಸಾಹಸಗಳಿಗೆ ಕೊರತೆಯಿಲ್ಲ. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಊರೂರು ತಿರುಗಿ ಸಂಗ್ರಹಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ಅನಂತರ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ವಾಸದ ಮನೆಯಾದ ವಿಠ್ಠಲ ವಿಹಾರದಿಂದಲೇ ಪುಟ್ಟದೊಂದು ರೇಡಿಯೋ ಕೇಂದ್ರವನ್ನು ನಡೆಸತೊಡಗಿದರು. ಆಕಾಶವಾಣಿಯೆಂಬ ಹೆಸರು ಹುಟ್ಟಿದ್ದು ಆ ಮನೆಯ ಕೇಂದ್ರಕ್ಕಾಗಿ. ಒಬ್ಬರು ಮನೆಯನ್ನೇ ಮಾರಿದರು, ಇನ್ನೊಬ್ಬರು ಮನೆಯನ್ನೇ ನಿಲಯವನ್ನಾಗಿಸಿದರು. ಎರಡೂ ಕಡೆಗಳಲ್ಲಿ ಚರಿತ್ರೆಯು ಯಜಮಾನನ ಹೆಸರನ್ನು ಬರೆದುಕೊಂಡಿದೆ. ಆ ಮನೆಗಳಲ್ಲಿ ಒಲೆ ಹೊತ್ತಿಸುತ್ತಿದ್ದವರಿಗೂ ಆ ಕೀರ್ತಿಯಲ್ಲಿ ಪಾಲು ಸಲ್ಲಬೇಕಲ್ಲವೆ?

ನಮ್ಮ ಕಾಲಕ್ಕೆ ಬಂದರೆ, ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿರುವ ‘ಪುಸ್ತಕದ ಮನೆ’ಯನ್ನು ಹೇಳಬೇಕು. ಅದನ್ನು ಕಟ್ಟಿದ ಅಂಕೇಗೌಡರು ಬಸ್ಸಿನ ಕಂಡಕ್ಟರಾಗಿದ್ದು, ಮುಂದೆ ಕನ್ನಡ ಎಂ. ಎ. ಮಾಡಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಬಹುಭಾಗವು ಪುಸ್ತಕಗಳಿಗೆ ಹೋಯಿತು. ಮೈಸೂರಿನಲ್ಲಿದ್ದ ಸ್ವತ್ತೂ ಮಾರಾಟವಾಯಿತು. ಪುಸ್ತಕಗಳು ಲಕ್ಷಗಟ್ಟಲೆಯಾದವು, 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಸಂಸಾರವು ಆ ಗ್ರಂಥಾಲಯದ ಕಟ್ಟಡದ ಮೂಲೆಯೊಂದರಲ್ಲಿ ವಾಸಿಸುತ್ತ ಬಂದಿತು. ಪತ್ನಿ ವಿಜಯಲಕ್ಷ್ಮಿಯವರು ಅದರ ಪಾಲನೆಯಲ್ಲಿ ಕೈಗೂಡಿಸಿದರು. ಪ್ರಶಸ್ತಿಪತ್ರದಲ್ಲಿ ಒಂದೇ ಹೆಸರಿಗೆ ಎಡೆ. ಆದರೆ ಮಾರಿದ ಸ್ವತ್ತು ಇಬ್ಬರ ಮುಪ್ಪಿನ ಆಸರೆಯಾಗಿತ್ತು.

ಈ ದೃಷ್ಟಾಂತಗಳಿಂದ ಎಲ್ಲ ಮಡದಿಯರೂ ಎಲ್ಲ ಬಯಕೆಗಳಿಗೂ ಒಪ್ಪತಕ್ಕದ್ದೆಂಬ ಸಿದ್ಧಾಂತವನ್ನು ಹೊರಡಿಸಲಾಗದು. ಹವ್ಯಾಸಕ್ಕೆ ಹಣ ಸುರಿದು ಕೀರ್ತಿಯೂ ಬಾರದೆ, ಸಾಲವೂ ತೀರದೆ ಅಳಿದ ಮನೆಗಳು ಚರಿತ್ರೆಯಲ್ಲಿ ಕಾಣಿಸುವುದಿಲ್ಲ. ಗೆದ್ದವರ ಕಥೆಯೇ ನಮಗೆ ಉಳಿದಿದೆ. ‘ಬೇಡ’ವೆಂದ ಗೃಹಿಣಿಯು ಎಷ್ಟೋ ಮಕ್ಕಳ ಅನ್ನವನ್ನು ಉಳಿಸಿದ್ದಾಳೆಂಬುದನ್ನು ಮರೆಯಬಾರದು. ಅವಳ ‘ಬೇಡ’ಕ್ಕೆ ಬೆಲೆಯಿದ್ದರೆ ಮಾತ್ರ ‘ಹೂಂ’ ಎಂಬುದು ಸಮ್ಮತಿಯೆನಿಸುತ್ತದೆ. ಇಲ್ಲದಿದ್ದರೆ ಅದು ಬರಿಯ ಮೌನ.

ನಮ್ಮ ಜಿಲ್ಲೆಯ ಪುಸ್ತಕಸಂಗ್ರಾಹಕರ, ನಾಣ್ಯಸಂಗ್ರಾಹಕರ, ವಾದ್ಯಪ್ರಿಯರ ಚರಿತ್ರೆಗಳನ್ನು ಬರೆಯಲು ಹೊರಟ ತರುಣ ಲೇಖಕರಲ್ಲಿ ಒಂದು ವಿಜ್ಞಾಪನೆ. ಸಂಗ್ರಹದ ಕೊಠಡಿಯನ್ನು ನೋಡಿಯಾದ ಮೇಲೆ ಒಳಮನೆಗೂ ಹೋಗಿ, ಆ ತಾಯಿಯನ್ನು ಕೇಳಿರಿ: ಮೊದಲ ಸಲ ದೊಡ್ಡ ಮೊತ್ತವನ್ನು ಕೇಳಿದಾಗ ಅವರೇನೆಂದರು, ಯಾವುದನ್ನು ಬಿಟ್ಟುಕೊಟ್ಟರು, ಬಿಟ್ಟುಕೊಟ್ಟದ್ದು ಮರಳಿ ಬಂದಿತೇ ಎಂದು. ಆ ಉತ್ತರಗಳನ್ನು ದಿನಾಂಕ ಸಮೇತವಾಗಿ ಬರೆದಿಡಿರಿ. ಅವರು ಇರುವಾಗಲೇ ಇದು ಆಗತಕ್ಕ ಕೆಲಸ.