ಪಾಯಕ್ಕೆ ಮುಂಚಿನ ಗುಂಡಿ

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಗೆ ಪಾಯ ತೋಡುತ್ತಿದ್ದವರಿಗೆ ಚಿನ್ನದ ಒಡವೆಗಳು ಸಿಕ್ಕವು. ಆ ಕುಟುಂಬ ಅವನ್ನು ಸರ್ಕಾರಕ್ಕೆ ಒಪ್ಪಿಸಿ ದೊಡ್ಡತನ ಮೆರೆಯಿತು. ಆದರೆ ನಾಡಿನ ಬಾಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಅಲ್ಲಿ ಇನ್ನೆಷ್ಟು ನಿಧಿ ಇದೆ? ಪುರಾತತ್ವವೆಂದರೆ ನಿಧಿಶೋಧ ಎಂಬ ಈ ಭಾವನೆ ನಮ್ಮ ಶಾಸ್ತ್ರಕ್ಕೆ ಮಾಡಿದಷ್ಟು ಕೇಡನ್ನು ಬೇರೆ ಯಾವುದೂ ಮಾಡಿಲ್ಲ. ಕಟ್ಟುವ ಮುನ್ನ ನೆಲವನ್ನು ಓದಿ ನೋಡುವ ಪದ್ಧತಿ ನಮ್ಮಲ್ಲಿ ಏಕೆ ಬೇರೂರಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.

ಆರಂಭದ ಕಥೆ ಚಿಕ್ಕದು. ಹತ್ತೊಂಬತ್ತನೆಯ ಶತಮಾನದ ನಡುವೆ ಮೆಡೋಸ್ ಟೇಲರ್ ಸುರಪುರ ಸೀಮೆಯ ಕಲ್ಗೋರಿಗಳನ್ನು ತೆರೆದ. ಬಿ.ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿದ. ಆ ಶಾಸನಗಳ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ ಬಂತು. ಅಂದು ಬರಹವಿದ್ದ ಕಲ್ಲಿಗೆ ಬೆಲೆ ಬಂತು, ಕಲ್ಲು ನಿಂತ ಮಣ್ಣಿಗೆ ಬರಲಿಲ್ಲ. ಮಣ್ಣಿಗೆ ಮರ್ಯಾದೆ ತಂದವರು ಎಂ.ಎಚ್. ಕೃಷ್ಣ. ಅವರು 1929ರ ಸುಮಾರಿಗೆ ಚಂದ್ರವಳ್ಳಿಯನ್ನೂ 1940ರಲ್ಲಿ ಬ್ರಹ್ಮಗಿರಿಯನ್ನೂ ಅಗೆದರು. 1947ರಲ್ಲಿ ಅದೇ ನೆಲಗಳಿಗೆ ಬಂದ ಮಾರ್ಟಿಮರ್ ವ್ಹೀಲರ್ ಪದರಗಳ ಕಾಲಕ್ರಮವನ್ನು ಬಿಗಿಗೊಳಿಸಿದರು. ವ್ಹೀಲರ್ ಹೆಸರಿನ ನೆರಳಲ್ಲಿ ಕೃಷ್ಣ ಅವರನ್ನು ಮರೆತದ್ದು ಅನ್ಯಾಯ.

ಮುಂದಿನ ಕಾಲವೇ ಈ ಶಾಸ್ತ್ರದ ನಿಜವಾದ ಫಸಲು. ಟಿ. ನರಸೀಪುರದಲ್ಲಿ ಎಂ. ಶೇಷಾದ್ರಿ, ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ನವಶಿಲಾಯುಗದಿಂದ ಕಬ್ಬಿಣದ ಕಾಲದವರೆಗಿನ ಬದುಕನ್ನು ಪದರ ಪದರವಾಗಿ ತೋರಿಸಿಕೊಟ್ಟರು. 1970ರ ದಶಕದಲ್ಲಿ ಶುರುವಾದ ಹಂಪಿಯ ದೊಡ್ಡ ಉತ್ಖನನದಲ್ಲಿ ನಮ್ಮ ತಲೆಮಾರಿನ ಅನೇಕರು ಕೈ ಪಳಗಿಸಿಕೊಂಡರು. ಅರಮನೆಯ ಅಡಿಪಾಯ, ಕಲ್ಲಿನ ಕಾಲುವೆ, ಪುಷ್ಕರಣಿ ಕಣ್ಣೆದುರು ಎದ್ದು ಬಂದಾಗ ಆದ ಸಂತೋಷ ದೊಡ್ಡದು. ಆದರೂ ನಾನು ಹೆಚ್ಚು ಗೌರವಿಸುವುದು ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಬೆಳೆಸಿದ ದಾರಿಯನ್ನು. ಅವರು ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಸೋಸಿ ತೆಗೆದರು. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿನ ಜನ ಹುರುಳಿ, ಹೆಸರು, ಕಿರುಧಾನ್ಯ ಬೆಳೆಯುತ್ತಿದ್ದರೆಂದು ತಿಳಿದದ್ದು ಆ ಕಪ್ಪು ಕಾಳುಗಳಿಂದ. ಇದಕ್ಕೆ ಅರಮನೆ ಬೇಕಿಲ್ಲ; ಎರಡು ಮೀಟರ್ ಅಗಲದ ಗುಂಡಿಯೂ ಸಾಕು.

ನೆಲ ಕೈತಪ್ಪುವ ಮೊದಲೇ ಅಗೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. ಕೃಷ್ಣಾ ನದಿಗೆ ಅಣೆಕಟ್ಟು ಏಳುವಾಗ, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದ ಕಣಿವೆಯನ್ನೇ ಅಗೆದು ನೋಡಿದರು. ನೀರಿಗೆ ಕೊಟ್ಟ ಆ ಗಮನವನ್ನು ಕಾಂಕ್ರೀಟಿಗೆ ಕೊಟ್ಟಿಲ್ಲ. 1958ರ ಪುರಾತನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿ ಘೋಷಿತ ಸ್ಮಾರಕದ ಸುತ್ತ ನೂರು ಮೀಟರಿನಲ್ಲಿ ಕಟ್ಟಡ ನಿಷೇಧಿಸುತ್ತವೆ, ಅದರಾಚೆ ಇನ್ನೂರು ಮೀಟರಿನಲ್ಲಿ ನಿಯಂತ್ರಿಸುತ್ತವೆ. ಘೋಷಣೆಯಾಗದ ನೆಲಕ್ಕೆ ಈ ರಕ್ಷಣೆ ಇಲ್ಲ. ಇಂಗ್ಲೆಂಡಿನಲ್ಲಿ 1990ರಿಂದ, ಅನುಮತಿ ಕೊಡುವ ಮೊದಲೇ ಪರೀಕ್ಷಾ ಗುಂಡಿ ತೋಡಿಸುವುದು ರೂಢಿಯಾಯಿತು, ಖರ್ಚು ಕಟ್ಟುವವರದೇ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಯಡಿಯೂರನ್ನು ನೋಡಿ. ಸಿದ್ಧಲಿಂಗೇಶ್ವರನ ಗದ್ದುಗೆಗೆ ಬರುವ ಭಕ್ತರಿಂದಲೂ ಬೆಂಗಳೂರು–ಮಂಗಳೂರು ಹೆದ್ದಾರಿಯಿಂದಲೂ ಊರು ಬೆಳೆಯುತ್ತಿದೆ. ಇದೇ ಜಿಲ್ಲೆಯ ಕಿಬ್ಬನಹಳ್ಳಿಯಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಗುಬ್ಬಿ ತಾಲ್ಲೂಕಿನ ಕಡಬ ರಾಷ್ಟ್ರಕೂಟರ ತಾಮ್ರಪಟಕ್ಕೆ, ನಿಟ್ಟೂರು ಜೈನ ಬಸದಿಗೆ ಹೆಸರಾಗಿವೆ. ಇಂಥ ಸೀಮೆಯಲ್ಲಿ ಬೂದಿ ಬಣ್ಣದ ಮಣ್ಣೂ ಮಡಕೆಯ ಬೋಕಿಗಳೂ ಕಂಡ ಹಾಳೂರಿನ ದಿಬ್ಬ ಕೇವಲ ಗುಡ್ಡೆಯಲ್ಲ. ಜೆಸಿಬಿ ಅದನ್ನು ಒಂದೇ ದಿನದಲ್ಲಿ ಸಮ ಮಾಡುತ್ತದೆ, ಮರುವಾರ ಸೈಟುಗಳ ಗಡಿಕಲ್ಲುಗಳು ನಿಲ್ಲುತ್ತವೆ. ಬಡಾವಣೆಯಾಗುವ ಮುನ್ನ ಪರೀಕ್ಷಾ ಗುಂಡಿ ತೋಡಿದ್ದನ್ನು ಈ ಕಡೆ ನಾನು ಕಂಡಿಲ್ಲ.

ಜನ ಬಾಯಿಬಿಡದಿರುವುದಕ್ಕೂ ಕಾರಣವಿದೆ. ಏನಾದರೂ ಸಿಕ್ಕಿತೆಂದರೆ ಸೈಟೇ ಕೈತಪ್ಪುತ್ತದೆಂಬ ಭಯ ಅವರದು. ನಿಧಿಯ ಗುಲ್ಲು ಆ ಭಯವನ್ನು ಹೆಚ್ಚಿಸುತ್ತದೆ. ಪರೀಕ್ಷಾ ಗುಂಡಿ ಅದನ್ನು ಕಳೆಯಬಲ್ಲದು. ಕೆಳಗೆ ಏನೂ ಇಲ್ಲದಿದ್ದರೆ ಅದೂ ಒಂದು ಫಲಿತಾಂಶವೇ, ಮಾಲೀಕರು ನಿಶ್ಚಿಂತೆಯಿಂದ ಕಟ್ಟಬಹುದು. ಇದ್ದರೆ ಚಿತ್ರ, ನಕ್ಷೆ, ಮಾದರಿ ತೆಗೆದುಕೊಂಡು ಕಟ್ಟಲು ಬಿಡಬಹುದು. ತೀರಾ ಅಪರೂಪದ ನೆಲೆಯಾದರೆ ಮಾತ್ರ ಪರಿಹಾರ ಕೊಟ್ಟು ಉಳಿಸಿಕೊಳ್ಳಬೇಕು.

ಕೃಷಿಭೂಮಿಯನ್ನು ಸೈಟು ಮಾಡಲು ಭೂಪರಿವರ್ತನೆಯ ಅರ್ಜಿ ಹೇಗೂ ಕಚೇರಿಗೆ ಬರುತ್ತದೆ. ಹಾಳೂರು, ಜನವಸತಿಯಿಲ್ಲದ ಬೇಚರಾಕ್ ಗ್ರಾಮ, ಕಲ್ಗೋರಿಗಳಿರುವ ಸರ್ವೆ ನಂಬರುಗಳ ಪಟ್ಟಿ ಮಾಡಿ, ಅಂಥ ಅರ್ಜಿಗಳಿಗೆ ಪರೀಕ್ಷಾ ಗುಂಡಿಯ ವರದಿಯನ್ನು ಕಡ್ಡಾಯಗೊಳಿಸಬೇಕು. ಗಡುವು ಗೊತ್ತುಮಾಡಲಿ, ದೊಡ್ಡ ಬಡಾವಣೆಯ ಖರ್ಚನ್ನು ಅದನ್ನು ಕಟ್ಟುವವರೂ ಬಡವರ ಮನೆಯ ಖರ್ಚನ್ನು ಸರ್ಕಾರವೂ ಹೊರಲಿ. ಪುರಾತತ್ವ ಓದಿ ಕೆಲಸವಿಲ್ಲದೆ ಕುಳಿತ ಯುವಕ ಯುವತಿಯರು ಈ ಕೆಲಸಕ್ಕೆ ಸಿದ್ಧರಿದ್ದಾರೆ. ಈ ಪಟ್ಟಿಯ ಕೆಲಸ ಯಡಿಯೂರಿನಿಂದಲೇ ಶುರುವಾಗಲಿ.